ಹತ್ತು ವರ್ಷ ಬಿಟ್ಟುಕೊಡದ ನೆಲ: ಲಾರ್ಜಾಕ್‌ನ 103 ರೈತರ ಪ್ರಕರಣ

1971ರ ಅಕ್ಟೋಬರ್ 28ರಂದು ಫ್ರಾನ್ಸಿನ ರಕ್ಷಣಾ ಸಚಿವ ಮಿಶೆಲ್ ದೆಬ್ರೆ ಟಿವಿಯಲ್ಲಿ ಒಂದು ಘೋಷಣೆ ಮಾಡಿದರು. ದೇಶದ ದಕ್ಷಿಣಕ್ಕಿರುವ ಲಾರ್ಜಾಕ್ ಎಂಬ ಬಯಲಿನಲ್ಲಿ ಸೈನ್ಯದ ತರಬೇತಿ ಶಿಬಿರವೊಂದಿತ್ತು. ಅದರ ವಿಸ್ತೀರ್ಣ ಸುಮಾರು 3,000 ಹೆಕ್ಟೇರ್. ಅದನ್ನು 17,000 ಹೆಕ್ಟೇರಿಗೆ ಬೆಳೆಸುತ್ತೇವೆ ಅಂದರು. ನಮ್ಮ ಲೆಕ್ಕದಲ್ಲಿ ಹೇಳಿದರೆ ಹೊಸದಾಗಿ ಬೇಕಾಗಿದ್ದದ್ದು 34,000 ಎಕರೆಗೂ ಜಾಸ್ತಿ. ಆ ನೆಲದ ಮೇಲೆ ನೂರಕ್ಕೂ ಹೆಚ್ಚು ರೈತ ಕುಟುಂಬಗಳಿದ್ದವು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಈ ಪ್ರಕರಣ ಮುಗಿದದ್ದು 1981ರ ಜೂನ್ 3ರಂದು. ಹೊಸದಾಗಿ ಅಧ್ಯಕ್ಷರಾಗಿದ್ದ ಫ್ರಾಂಸ್ವಾ ಮಿತೆರಾಂ ಅವರ ಸಚಿವ ಸಂಪುಟ ಯೋಜನೆಯನ್ನು ಕೈಬಿಟ್ಟಿತು. ಹಾಗಾಗಿ ಸರ್ಕಾರ ಬದಲಾಯಿತು, ರೈತರು ಗೆದ್ದರು ಎಂದು ಇದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ಅದು ನಿಜ, ಆದರೆ ಅರ್ಧ ನಿಜ. ಹತ್ತು ವರ್ಷ ಅಂದರೆ ಸಣ್ಣ ಅವಧಿಯಲ್ಲ. ಅಷ್ಟರಲ್ಲಿ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ, ಸಾಲ ಏರುತ್ತದೆ, ಅಣ್ಣ ತಮ್ಮಂದಿರಲ್ಲೇ ಒಬ್ಬ 'ಒಳ್ಳೇ ಬೆಲೆ ಬಂದಿದೆ, ಮಾರಿಬಿಡೋಣ' ಅನ್ನುತ್ತಾನೆ. ಭೂಸ್ವಾಧೀನದ ಕಥೆಗಳು ಸಾಮಾನ್ಯವಾಗಿ ಮುರಿಯುವುದೇ ಅಲ್ಲಿ, ಅಲ್ವಾ? ಲಾರ್ಜಾಕ್ ಯಾಕೆ ಮುರಿಯಲಿಲ್ಲ ಅನ್ನುವುದೇ ಇಲ್ಲಿ ನಾನು ಬಿಡಿಸಿ ನೋಡಬೇಕೆಂದಿರುವ ಪ್ರಶ್ನೆ.

ನೀರು ನಿಲ್ಲದ ನೆಲ

ಮೊದಲು ಆ ಜಾಗ ನೋಡೋಣ. ಹಳೆಯ ಫ್ರಾನ್ಸಿನಲ್ಲಿ ರುವೆರ್ಗ್ ಅಂತ ಒಂದು ಪ್ರಾಂತ್ಯವಿತ್ತು. ಕ್ರಾಂತಿಯ ನಂತರ, 1790ರಲ್ಲಿ, ಅದಕ್ಕೆ ಅವೇರೋನ್ ಜಿಲ್ಲೆ ಅಂತ ಹೆಸರಾಯಿತು. ಜನ ಮಾತ್ರ ಇವತ್ತಿಗೂ ರುವೆರ್ಗ್ ಅನ್ನುತ್ತಾರೆ. ಅದರ ದಕ್ಷಿಣದ ಅಂಚಿನಲ್ಲಿ, ಮಿಯೋ ಪಟ್ಟಣದ ನೆತ್ತಿಯ ಮೇಲೆ, ಸುಮಾರು 1,000 ಚದರ ಕಿಲೋಮೀಟರಿನ ಸುಣ್ಣಕಲ್ಲಿನ ಎತ್ತರದ ಬಯಲಿದೆ. ಅದೇ ಲಾರ್ಜಾಕ್. ಇಂಥ ಬಯಲಿಗೆ ಅಲ್ಲಿಯವರು 'ಕೋಸ್' ಅನ್ನುತ್ತಾರೆ.

ಮಳೆ ಬರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಸುಣ್ಣಕಲ್ಲಿನ ಸಂದುಗಳಲ್ಲಿ ಇಳಿದು ಹೋಗುತ್ತದೆ. ಹಾಗಾಗಿ ಮೇಲೆ ಹೊಳೆಯಿಲ್ಲ, ಕೆರೆಯಿಲ್ಲ. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಂಡು ಬದುಕಿದವರು ಇವರು. ಕುರಿಗಳಿಗೆ ನೀರು ಬೇಕೆಂದು ತಗ್ಗಿನಲ್ಲಿ ಜೇಡಿಮಣ್ಣು ಮೆತ್ತಿ, ಮೇಲೆ ಕಲ್ಲು ಹಾಸಿ, ತಟ್ಟೆಯಂಥ ದುಂಡು ಕಟ್ಟೆ ಕಟ್ಟುತ್ತಿದ್ದರು. ಅದಕ್ಕೆ 'ಲಾವೋನ್ಯ' ಎಂದು ಹೆಸರು. ಮರ ಕಡಿಮೆ, ಆದ್ದರಿಂದ ತೊಲೆ ಜಂತೆ ಇಲ್ಲ. ಮನೆ, ಕೊಟ್ಟಿಗೆ, ಕುರಿದೊಡ್ಡಿ ಎಲ್ಲದಕ್ಕೂ ಕಲ್ಲಿನ ಕಮಾನು. ಬೆಳೆ ಬರುವುದು ತಗ್ಗುಗಳಲ್ಲಿ ಕೂಡಿಕೊಂಡ ಕೆಂಪು ಮಣ್ಣಿನಲ್ಲಿ ಮಾತ್ರ. ಉಳಿದದ್ದೆಲ್ಲ ಕುರಿ ಮೇಯುವ ಕಲ್ಲುಬಯಲು. ಮನೆ ಬಾಗಿಲಿಗೆ 'ಕಾರ್ದಾಬೆಲ್' ಎಂಬ ಮುಳ್ಳಿನ ಹೂವನ್ನು ಮೊಳೆ ಹೊಡೆದು ನಿಲ್ಲಿಸುತ್ತಾರೆ. ಗಾಳಿಯಲ್ಲಿ ತೇವ ಏರಿದರೆ ಅದು ಮುಚ್ಚಿಕೊಳ್ಳುತ್ತದೆ, ಮಳೆ ಬರಬಹುದು ಅಂತ ಅರ್ಥ. ನೋಡಲು ಥೇಟ್ ಸಣ್ಣ ಸೂರ್ಯ.

ಈ ಬಯಲಿಗೆ ಇತಿಹಾಸವೂ ದಂಡಿಯಾಗಿದೆ. 12ನೇ ಶತಮಾನದಲ್ಲಿ ಟೆಂಪ್ಲರ್ ಎಂಬ ಸೈನಿಕ ಸನ್ಯಾಸಿಗಳು ಇಲ್ಲಿ ನೆಲೆ ಮಾಡಿ, ಜೆರುಸಲೇಮಿನ ಕಡೆಯ ತಮ್ಮ ಯುದ್ಧಕ್ಕೆ ಬೇಕಾದ ಆದಾಯವನ್ನು ಕುರಿ, ಕುದುರೆ, ಧಾನ್ಯದಿಂದ ತೆಗೆದರು. ಲಾ ಕೂವೆರ್ತ್ವಾರಾದ್, ಸೇಂತ್ ಯುಲಾಲಿ, ಲಾ ಕಾವಾಲ್ರಿ ಊರುಗಳು ಆ ಕಾಲದವು. 14ನೇ ಶತಮಾನದಲ್ಲಿ ಟೆಂಪ್ಲರ್ ಪಂಥವನ್ನೇ ಮುಚ್ಚಿಸಿದ ಮೇಲೆ ಈ ಆಸ್ತಿ ಹಾಸ್ಪಿಟಲರ್ ಎಂಬ ಇನ್ನೊಂದು ಪಂಥಕ್ಕೆ ಹೋಯಿತು. ಊರುಗಳ ಸುತ್ತ ಇಂದು ಕಾಣುವ ಕೋಟೆ ಗೋಡೆ ಹೆಚ್ಚಾಗಿ ಅವರ ಕಾಲದ್ದು.

ಮತ್ತೆ ರೋಕ್‌ಫೋರ್. ಆ ಹೆಸರು ಹೇಳದೆ ಲಾರ್ಜಾಕ್ ಅರ್ಥವಾಗುವುದಿಲ್ಲ. ಬಯಲಿನ ಪಶ್ಚಿಮದ ಅಂಚಿನಲ್ಲಿ ಕೋಂಬಾಲು ಎಂಬ ಕುಸಿದ ಬಂಡೆಗುಡ್ಡವಿದೆ. ಅದರ ಬಿರುಕುಗಳಿಂದ ವರ್ಷವಿಡೀ ತಣ್ಣನೆಯ ತೇವದ ಗಾಳಿ ಬೀಸುತ್ತದೆ. ಆ ಬಿರುಕುಗಳಿಗೆ 'ಫ್ಲೂರಿನ್' ಎನ್ನುತ್ತಾರೆ. ಲಾಕೋನ್ ತಳಿಯ ಕುರಿಯ ಹಸಿ ಹಾಲಿಗೆ ಹೆಪ್ಪು ಹಾಕಿ ಮಾಡಿದ ಚೀಸ್ ಆ ನೆಲಮಾಳಿಗೆಯಲ್ಲಿ ಹಣ್ಣಾಗಿ, ಒಳಗೆ ನೀಲಿ ಬೂಷ್ಟು ಎಳೆಎಳೆಯಾಗಿ ಹಬ್ಬುತ್ತದೆ. 1411ರಲ್ಲಿ ಆರನೆಯ ಶಾರ್ಲ್ ದೊರೆ ರೋಕ್‌ಫೋರ್ ಊರಿನವರಿಗೆ ಈ ಚೀಸಿನ ಮೇಲೆ ವಿಶೇಷ ಹಕ್ಕು ಬರೆದುಕೊಟ್ಟ. 1925ರಲ್ಲಿ ಫ್ರಾನ್ಸ್ ಕಾನೂನು ಮಾಡಿ, ಬೇರೆ ಯಾರೂ ಆ ಹೆಸರು ಬಳಸಬಾರದು ಎಂದಿತು. ಫ್ರಾನ್ಸಿನಲ್ಲಿ ಊರಿನ ಹೆಸರಿಗೆ ಕಾನೂನಿನ ಕಾವಲು ಪಡೆದ ಮೊದಲ ಚೀಸ್ ಇದೇ. ಕುರಿಮರಿಯ ತೊಗಲು ಮಿಯೋ ಪಟ್ಟಣಕ್ಕೆ ಹೋಗಿ ಕೈಗವಸು ಆಗುತ್ತಿತ್ತು. ಹೀಗೆ ಹಾಲು ಒಂದು ಕಡೆ, ತೊಗಲು ಇನ್ನೊಂದು ಕಡೆ. ಎರಡಕ್ಕೂ ಬೇರು ಈ ಕಲ್ಲುಬಯಲು.

ಪ್ಯಾರಿಸಿನ ಅಧಿಕಾರಸ್ಥರಿಗೆ ಇದು ಕಾಣಲಿಲ್ಲ. ಅಲ್ಲಿ ಬೆರಳೆಣಿಕೆಯ ಹಿಂದುಳಿದ ರೈತರು ಏನೋ ಒಂದಿಷ್ಟು ಕುರಿ ಸಾಕಿಕೊಂಡಿದ್ದಾರೆ ಅನ್ನುವುದು ಅವರ ಭಾವನೆ. ಊರುಗಳು ಖಾಲಿಯಾಗುತ್ತಾ ಬಂದಿದ್ದವು, ಅದು ಸುಳ್ಳಲ್ಲ. ಆದರೆ 1960ರ ದಶಕದಲ್ಲೇ ಇಲ್ಲಿನ ಕೆಲವು ಯುವ ರೈತರು ಟ್ರ್ಯಾಕ್ಟರ್ ತಂದು, ಹಾಲು ಕರೆಯುವ ಯಂತ್ರ ಹಾಕಿ, ಸಾಲ ಮಾಡಿ ದೊಡ್ಡಿಗಳನ್ನು ಹೊಸದು ಮಾಡಿದ್ದರು. ನೆಲ ಚಿಗುರುತ್ತಿದ್ದಾಗಲೇ ಅದನ್ನು ಬಂಜರು ಅಂದುಬಿಟ್ಟರು. ರೈತರಿಗೆ ಮೊದಲು ಚುಚ್ಚಿದ್ದು ಈ ಮಾತು. ನೆಲದ ಬೆಲೆಯ ಮಾತೆಲ್ಲ ಆಮೇಲೆ ಬಂತು.

ಸಹಿ ಹಾಕಿದ ದಿನ

ಈ ರೈತರು ಹೋರಾಟದವರೇ ಅಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಬಲಪಂಥದ ಪಕ್ಷಗಳಿಗೆ ಓಟು ಹಾಕುವ ಕ್ಯಾಥೊಲಿಕ್ ಮನೆತನಗಳೇ ಹೆಚ್ಚು. ಮನೆಯಲ್ಲಿ ಆಡುತ್ತಿದ್ದದ್ದು ಫ್ರೆಂಚ್ ಅಲ್ಲ, ದಕ್ಷಿಣ ಫ್ರಾನ್ಸಿನ ಒಕ್ಸಿತಾನ್ ಭಾಷೆ. ಶಾಲೆಯಲ್ಲಿ ಆ ಮಾತಾಡಿದರೆ ಶಿಕ್ಷೆಯಾಗುತ್ತಿದ್ದ ಕಾಲವನ್ನು ಹಿರಿಯರು ನೋಡಿದ್ದರು. ಸೈನ್ಯದ ಮೇಲೂ ಅವರಿಗೆ ಮೊದಲಿನಿಂದ ದ್ವೇಷವಿರಲಿಲ್ಲ. 1902ರಿಂದ ಆ ಶಿಬಿರದ ಪಕ್ಕದಲ್ಲೇ ಬದುಕಿದ್ದರು. ಮಿಯೋದಲ್ಲಿ ಕೈಗವಸಿನ ಕೆಲಸ ಇಳಿಮುಖವಾಗಿದ್ದರಿಂದ ಶಿಬಿರ ದೊಡ್ಡದಾದರೆ ವ್ಯಾಪಾರ ಬರುತ್ತದೆ ಎಂದು ಆಸೆಪಟ್ಟವರೂ ಸುತ್ತಮುತ್ತ ಇದ್ದರು.

ಅಂಥ ಕಡೆ, 1972ರ ಮಾರ್ಚಿನಲ್ಲಿ, ಉದ್ದ ಗಡ್ಡದ, ಕೈಯಿಂದ ನೂತ ಬಟ್ಟೆ ತೊಟ್ಟ ಒಬ್ಬ ಮುದುಕರು ಲಾ ಕಾವಾಲ್ರಿಗೆ ಬಂದು ಉಪವಾಸ ಕೂತರು. ಹೆಸರು ಲಾಂಜಾ ದೆಲ್ ವಾಸ್ತೊ. ಇಟಲಿಯ ಶ್ರೀಮಂತ ಮನೆತನದಲ್ಲಿ 1901ರಲ್ಲಿ ಹುಟ್ಟಿದವರು. 1936ರಲ್ಲಿ ಭಾರತಕ್ಕೆ ಬಂದು, ವಾರ್ಧಾದಲ್ಲಿ ಗಾಂಧೀಜಿಯ ಹತ್ತಿರ ಇದ್ದರು. 'ಶಾಂತಿದಾಸ' ಎಂಬ ಹೆಸರು ಕೊಟ್ಟದ್ದು ಗಾಂಧೀಜಿಯೇ. 1954ರಲ್ಲಿ ಮತ್ತೆ ಬಂದು ವಿನೋಬಾ ಅವರ ಭೂದಾನ ಯಾತ್ರೆಯಲ್ಲಿ ನಡೆದರು. ಲಾರ್ಜಾಕಿಗೆ ಹತ್ತಿರದಲ್ಲೇ ಅವರು ಕಟ್ಟಿದ ಆಶ್ರಮವಿತ್ತು. ಅಲ್ಲಿಂದ ಬಂದು 15 ದಿನ ಉಪವಾಸ ಮಾಡಿದರು. ರೈತರೂ ಸರದಿಯ ಮೇಲೆ ಬಂದು ಜೊತೆಗೆ ಕೂತರು.

ಈ ಪ್ರಕರಣದ ತಿರುವು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಕ್ರಾಂತಿಯ ಮಾತಾಡುವ ನಗರದ ಹುಡುಗರು ಅಷ್ಟು ಹೊತ್ತಿಗೆ ಲಾರ್ಜಾಕಿಗೆ ಬರಲು ಶುರುಮಾಡಿದ್ದರು. ಅವರ ಮಾತು ಈ ರೈತರಿಗೆ ಹಿಡಿಸುತ್ತಿರಲಿಲ್ಲ. ಉಪವಾಸ ಹಾಗಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ ಉಪವಾಸ ಮಾಡುವುದು ಅವರ ಮನೆಯದೇ ಪದ್ಧತಿ. ದೂರದ ಗಾಂಧೀಜಿಯ ದಾರಿ ಅವರಿಗೆ ತಮ್ಮ ಚರ್ಚಿನ ಬಾಗಿಲಿನಿಂದಲೇ ಒಳಗೆ ಬಂತು. ಕೈ ಎತ್ತದೆ, ಆದರೆ ಜಗ್ಗದೆ ನಿಲ್ಲಬಹುದು ಎಂದು ಅವರಿಗೆ ಮನಸ್ಸಿಗೆ ಬಂತು.

1972ರ ಮಾರ್ಚ್ 28ರಂದು 103 ರೈತರು ಒಂದು ಕಾಗದಕ್ಕೆ ಸಹಿ ಹಾಕಿದರು. ಯಾರು ಎಷ್ಟೇ ಬೆಲೆ ಕೊಟ್ಟರೂ ಸೈನ್ಯಕ್ಕೆ ನೆಲ ಮಾರುವುದಿಲ್ಲ, ಇಲ್ಲಿಂದ ಹೋಗುವುದಿಲ್ಲ ಅನ್ನುವುದು ಅದರ ತಿರುಳು. ನೆಲ ಕಳೆದುಕೊಳ್ಳಬೇಕಿದ್ದ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿದ್ದರು. ಅಂದಿನಿಂದ ಅವರಿಗೆ 'ಆ 103' ಎಂದೇ ಹೆಸರಾಯಿತು.

ಸಹಿಯ ಜೊತೆಗೆ ಒಂದು ನಿಯಮವೂ ಗಟ್ಟಿಯಾಯಿತು. ಬೆಂಬಲಕ್ಕೆ ಯಾರು ಬೇಕಾದರೂ ಬರಲಿ. ಎಡಪಂಥದವರು, ಪಾದ್ರಿಗಳು, ಒಕ್ಸಿತಾನ್ ಭಾಷೆಯ ಹೋರಾಟಗಾರರು, ಸೈನ್ಯಕ್ಕೆ ಸೇರಲು ಒಪ್ಪದವರು, ಕಾರ್ಮಿಕರು, ಎಲ್ಲರೂ ಬರಲಿ. ಆದರೆ ಕೊನೆಯ ತೀರ್ಮಾನ ರೈತರದ್ದು. ದೇಶದ ತುಂಬ ಲಾರ್ಜಾಕ್ ಬೆಂಬಲ ಸಮಿತಿಗಳು ಹುಟ್ಟಿಕೊಂಡ ಮೇಲೂ ಈ ನಿಯಮ ಸಡಿಲವಾಗಲಿಲ್ಲ. ಇದರಿಂದ ಹೊರಗಿನವರಿಗೆ ಬೇಸರವಾದದ್ದುಂಟು. ರೈತರ ನಡುವೆಯೂ ಗಂಟೆಗಟ್ಟಲೆ ವಾದ ನಡೆಯುತ್ತಿತ್ತು. ಒಬ್ಬೊಬ್ಬರನ್ನೂ ಒಪ್ಪಿಸಿಯೇ ಮುಂದೆ ಹೋಗುವುದು ನಿಧಾನದ ಕೆಲಸ. ಆದರೆ ಒಪ್ಪಿದ ಮೇಲೆ ಅದು ಅವರವರ ಸ್ವಂತ ಮಾತಾಗುತ್ತಿತ್ತು.

ಐಫೆಲ್ ಗೋಪುರದ ಕೆಳಗೆ ಕುರಿ, ಊರಲ್ಲಿ ಕಲ್ಲಿನ ದೊಡ್ಡಿ

1972ರ ಅಕ್ಟೋಬರ್ 25ರಂದು ಪ್ಯಾರಿಸಿನ ಐಫೆಲ್ ಗೋಪುರದ ಬುಡದಲ್ಲಿ 60 ಕುರಿಗಳು ಮೇಯುತ್ತಿದ್ದವು. ಮೈಮೇಲೆ 'ಲಾರ್ಜಾಕ್ ಉಳಿಸಿ' ಎಂದು ಬಣ್ಣದಲ್ಲಿ ಬರೆದಿತ್ತು. ಕುರಿಯನ್ನು ಲಾಠಿಯಿಂದ ಓಡಿಸುವ ಪೊಲೀಸರ ಚಿತ್ರ ಯಾವ ಸರ್ಕಾರಕ್ಕೆ ಬೇಕು? 1973ರ ಜನವರಿಯಲ್ಲಿ 26 ಟ್ರ್ಯಾಕ್ಟರುಗಳು ಪ್ಯಾರಿಸಿಗೆ ಹೊರಟವು. ಓರ್ಲೆಯಾಂ ಹತ್ತಿರ ಪೊಲೀಸರು ತಡೆದರು. ರೈತರು ಟ್ರ್ಯಾಕ್ಟರ್ ಬಿಟ್ಟು ನಡೆದುಕೊಂಡು ಮುಂದಕ್ಕೆ ಹೋದರು.

ಇವೆಲ್ಲ ಪತ್ರಿಕೆಯಲ್ಲಿ ಬಂದವು, ಹೆಸರಾದವು. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು 1973ರ ಜೂನ್‌ನಲ್ಲಿ ಲಾ ಬ್ಲಾಕಿಯೇರ್ ಎಂಬ ಹಳ್ಳಿಯಲ್ಲಿ ಶುರುವಾದ ಕೆಲಸ. ಸೈನ್ಯ ಬೇಕೆಂದಿದ್ದ ಗಡಿಯ ಒಳಗೇ ರೈತರು ಒಂದು ಹೊಸ ಕುರಿದೊಡ್ಡಿಗೆ ತಳಪಾಯ ಹಾಕಿದರು. ಪರವಾನಗಿ ಸಿಗುವ ಮಾತೇ ಇರಲಿಲ್ಲ. ಇಲ್ಲದೆಯೇ ಕಟ್ಟಿದರು. ದುಡ್ಡು ಎಲ್ಲಿಂದ? ದೇಶದ ಬೇರೆಬೇರೆ ಕಡೆಯ ಬೆಂಬಲಿಗರು ತಮ್ಮ ಆದಾಯ ತೆರಿಗೆಯಲ್ಲಿ ನೂರಕ್ಕೆ ಮೂರು ಪಾಲನ್ನು ಸರ್ಕಾರಕ್ಕೆ ಕಟ್ಟದೆ ಇಲ್ಲಿಗೆ ಕಳಿಸಿದರು. ಸೈನ್ಯಕ್ಕೆ ಹೋಗುವ ದುಡ್ಡು ಕುರಿಗೆ ಬರಲಿ ಎಂಬ ಲೆಕ್ಕ. ಕೈಗಳು ಎಲ್ಲಿಂದ? ರಜೆಯಲ್ಲಿ ಬಂದ ನೂರಾರು ಹುಡುಗ ಹುಡುಗಿಯರು ಕಲ್ಲು ಹೊತ್ತರು. ತಗಡು ಹೊದಿಸಿದ ಶೆಡ್ಡಲ್ಲ ಅದು, ಕಮಾನುಗಳಿರುವ ಕಲ್ಲಿನ ಕಟ್ಟಡ. ನೋಡಿದವರು ಅದನ್ನು ಲಾರ್ಜಾಕಿನ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು, ಎಂದರು. ಇಂದಿಗೂ ನಿಂತಿದೆ.

ಯಾಕೆ ಇದು ದೊಡ್ಡದು ಅನ್ನುತ್ತೇನೆ ಅಂದರೆ, ಮೆರವಣಿಗೆ ಸಂಜೆಗೆ ಮುಗಿಯುತ್ತದೆ. ದೊಡ್ಡಿ ನಾಳೆಯೂ ಅಲ್ಲೇ ಇರುತ್ತದೆ. ಬೆಳಿಗ್ಗೆ ಎದ್ದು ಅದರಲ್ಲಿ ಹಾಲು ಕರೆಯಬೇಕು. ಹೋರಾಟ ಮತ್ತು ಬೇಸಾಯ ಎರಡೂ ಒಂದೇ ಕೆಲಸವಾಯಿತು. ಹೊಲ ಬಿಟ್ಟು ಹೋರಾಟಕ್ಕೆ ಹೋದವನ ಮನೆ ಸೊರಗುತ್ತದೆ, ಆಮೇಲೆ ಅವನೇ ಸೋಲುತ್ತಾನೆ. ಇವರು ಉತ್ತು ಬಿತ್ತಿಯೇ ಎದುರಿಸಿದರು. ಸೈನ್ಯ ಕೊಂಡುಕೊಂಡಿದ್ದ ಖಾಲಿ ಹೊಲಮನೆಗಳಲ್ಲಿ ಹೊಸಬರನ್ನು ಕೂರಿಸಿ ಬೇಸಾಯ ಮಾಡಿಸಿದರು. ಸರ್ಕಾರ ನೀರು, ಫೋನ್ ಕೊಡದ ಕಡೆ ತಾವೇ ಕೊಳವೆ ಹಾಕಿದರು, ತಂತಿ ಎಳೆದರು.

ಇನ್ನೊಂದು ಉಪಾಯ ಕಾಗದದ್ದು. ಬೇಸಾಯದ ಜಮೀನು ಕೊಳ್ಳಲು ಫ್ರಾನ್ಸಿನ ಕಾನೂನಿನಲ್ಲಿ ಪಾಲುದಾರರ ಕೂಟವೊಂದನ್ನು ಮಾಡಬಹುದು. 1973ರ ಕೊನೆಯಲ್ಲಿ ಅಂಥ ಕೂಟ ಕಟ್ಟಿ, ಆಯಕಟ್ಟಿನ ತುಂಡುಗಳನ್ನು ಕೊಂಡು, ಪಾಲುಗಳನ್ನು ದೇಶದಾದ್ಯಂತ ಸಾವಿರಾರು ಜನರಿಗೆ ಹಂಚಿದರು. ಸೈನ್ಯದ ಕೈಗೆ ಸಿಗಬೇಕಿದ್ದ ನೆಲಕ್ಕೆ ಈಗ ಊರೂರಲ್ಲೂ ಒಡೆಯರು. ಭೂಸ್ವಾಧೀನ ಮಾಡುವವರಿಗೆ ಇದು ದೊಡ್ಡ ತೊಡಕು.

ಜನ ಬಂದರು. 1973ರ ಆಗಸ್ಟ್‌ನಲ್ಲಿ ರಜಾಲ್ ದೆಲ್ ಗ್ವೋರ್ಪ್ ಎಂಬ ಬಂಡೆಗಳ ಬಯಲಿನಲ್ಲಿ ಸೇರಿದವರು ಹತ್ತಾರು ಸಾವಿರ. ಬೆಜಾಂಸೋನ್ ಊರಿನ ಲಿಪ್ ಗಡಿಯಾರ ಕಾರ್ಖಾನೆಯ ಕಾರ್ಮಿಕರೂ ಬಂದಿದ್ದರು. 1974ರ ಆಗಸ್ಟ್‌ನಲ್ಲಿ ಸುಗ್ಗಿಯ ಹಬ್ಬ ಎಂದು ಕರೆದಾಗ ಇನ್ನೂ ಜಾಸ್ತಿ ಜನ. 'ಗಾರ್ದಾರೆಮ್ ಲೋ ಲಾರ್ಜಾಕ್', ಅಂದರೆ 'ಲಾರ್ಜಾಕನ್ನು ನಾವು ಉಳಿಸಿಕೊಳ್ಳುತ್ತೇವೆ' ಅನ್ನುವುದು ಅವರ ಕೂಗು. ಶಾಲೆಯಲ್ಲಿ ಆಡಬಾರದು ಎಂದಿದ್ದ ಒಕ್ಸಿತಾನ್ ನುಡಿ ಈಗ ದೇಶವೆಲ್ಲ ಓದುವ ಗೋಡೆಬರಹವಾಯಿತು. 1975ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಶುರುವಾಯಿತು. 1974ರ ಹಬ್ಬಕ್ಕೆ ಮಿತೆರಾಂ ಬಂದಾಗ ಗುಂಪಿನಲ್ಲಿದ್ದ ಕೆಲವರು ಅವರ ಮೇಲೆ ಏರಿಹೋದರು. ಏಳು ವರ್ಷದ ನಂತರ ಯೋಜನೆ ಕೈಬಿಟ್ಟದ್ದು ಅದೇ ಮಿತೆರಾಂ.

ದಣಿದ ವರ್ಷಗಳು

ಕಷ್ಟದ ದಿನಗಳನ್ನು ಬಿಟ್ಟು ಈ ಕಥೆ ಹೇಳಿದರೆ ಆ ಕುಟುಂಬಗಳಿಗೆ ಅನ್ಯಾಯವಾಗುತ್ತದೆ. 1975ರ ಮಾರ್ಚ್‌ನ ಒಂದು ರಾತ್ರಿ ಲಾ ಬ್ಲಾಕಿಯೇರ್‌ನಲ್ಲಿ ಒಂದು ರೈತ ಮನೆಗೆ ಬಾಂಬ್ ಇಟ್ಟರು. ಒಳಗೆ ಅಪ್ಪ ಅಮ್ಮ, ಮಕ್ಕಳು ಮಲಗಿದ್ದರು. ಮನೆ ಒಡೆಯಿತು, ಪ್ರಾಣ ಉಳಿಯಿತು. ಅಷ್ಟಾದರೂ ರೈತರು ಸೇಡಿಗೆ ಹೋಗಲಿಲ್ಲ. 1976ರ ಜೂನ್ 28ರಂದು ಸೈನ್ಯ ಯಾರ ಯಾರ ನೆಲ ಕೊಳ್ಳುತ್ತಿದೆ ಎಂದು ತಿಳಿಯಲು ಕೆಲವರು ಶಿಬಿರದ ಒಳಗೆ ಹೋಗಿ ಕಡತ ತೆಗೆದರು. 22 ಜನರ ಬಂಧನವಾಯಿತು. ನಂತರದ ವರ್ಷಗಳಲ್ಲಿ ಭೂಸ್ವಾಧೀನದ ನ್ಯಾಯಾಧೀಶರು ಪೊಲೀಸ್ ಕಾವಲಿನಲ್ಲಿ ಹೊಲ ಹೊಲ ಸುತ್ತತೊಡಗಿದರು.

1978ರ ನವೆಂಬರ್‌ನಲ್ಲಿ 18 ರೈತರು ಕೋಲು ಹಿಡಿದು ನಡೆಯುತ್ತ ಹೊರಟರು. 710 ಕಿಲೋಮೀಟರ್ ನಡೆದು ಡಿಸೆಂಬರ್ 2ಕ್ಕೆ ಪ್ಯಾರಿಸ್ ಮುಟ್ಟಿದರು. ಅಲ್ಲಿ ಸಾವಿರಾರು ಜನ ಜೊತೆಗೂಡಿದರು. ಸರ್ಕಾರ ಮಾತ್ರ ಕರಗಲಿಲ್ಲ. 1980ರ ಕೊನೆಯಲ್ಲಿ ಮತ್ತೆ ಹೋಗಿ, ಐಫೆಲ್ ಗೋಪುರದ ಹತ್ತಿರವೇ ಚಳಿಯಲ್ಲಿ ಡೇರೆ ಹಾಕಿ ಕೂತರು.

1981ರ ಜನವರಿ 5ರಂದು ಲಾಂಜಾ ದೆಲ್ ವಾಸ್ತೊ ತೀರಿಕೊಂಡರು. ಐದೇ ತಿಂಗಳು ಬದುಕಿದ್ದರೆ ಅವರು ಗೆಲುವನ್ನು ನೋಡುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇ 10ರಂದು ಮಿತೆರಾಂ ಗೆದ್ದರು. ಜೂನ್ 3ಕ್ಕೆ ಎಲ್ಲ ಮುಗಿಯಿತು.

ಹೌದು, ಚುನಾವಣೆ ಬಾಗಿಲು ತೆರೆಯಿತು. ಆದರೆ ಆ ಹೊತ್ತಿಗೆ ರೈತರು ನೆಲದ ಮೇಲೆ ಇದ್ದರು ಅನ್ನುವುದು ಮುಖ್ಯ. ಅರ್ಧ ಜನ ಪರಿಹಾರ ತೆಗೆದುಕೊಂಡು ಹೋಗಿದ್ದರೆ ಹೊಸ ಸರ್ಕಾರ ಯಾರಿಗೆ ಏನನ್ನು ಉಳಿಸಿಕೊಡುತ್ತಿತ್ತು?

ಗೆದ್ದ ನೆಲ ಯಾರದು?

ಇಲ್ಲಿಂದ ಮುಂದಿನ ಭಾಗ ಎಷ್ಟೋ ಜನರಿಗೆ ಗೊತ್ತಿಲ್ಲ. ಹತ್ತು ವರ್ಷದಲ್ಲಿ ಸೈನ್ಯ ಒಪ್ಪಿದವರಿಂದ, ಬೇರೆ ಊರಲ್ಲಿದ್ದ ಒಡೆಯರಿಂದ, ಸಾಕಷ್ಟು ನೆಲ ಕೊಂಡಿತ್ತು. ಅದನ್ನೀಗ ಏನು ಮಾಡುವುದು? ತುಂಡು ಮಾಡಿ ಮಾರಬಹುದಿತ್ತು. ರೈತರು ಬೇಡ ಎಂದರು. ಮಾರಿದರೆ ದುಡ್ಡಿದ್ದವನಿಗೆ ಹೋಗುತ್ತದೆ, ರಜೆಯ ಮನೆ ಕಟ್ಟುವವನಿಗೆ ಹೋಗುತ್ತದೆ. 1985ರ ಏಪ್ರಿಲ್‌ನಲ್ಲಿ 'ಲಾರ್ಜಾಕ್ ಜಮೀನುಗಳ ಸಂಘ' ಎನ್ನಬಹುದಾದ ಸಂಸ್ಥೆ ಸರ್ಕಾರದಿಂದ ಸುಮಾರು 6,300 ಹೆಕ್ಟೇರನ್ನು 60 ವರ್ಷದ ಗುತ್ತಿಗೆಗೆ ಪಡೆಯಿತು. 2013ರಲ್ಲಿ ಆ ಗುತ್ತಿಗೆಯನ್ನು 2083ರವರೆಗೆ ಬೆಳೆಸಿದರು.

ವ್ಯವಸ್ಥೆ ಹೀಗಿದೆ: ನೆಲ ಯಾರ ಸ್ವಂತದ್ದೂ ಅಲ್ಲ. ಅಲ್ಲಿ ಬೇಸಾಯ ಮಾಡುವವರೇ ಆರಿಸಿದ ಮಂಡಳಿ ಹೊಲಮನೆಗಳನ್ನು ಗೇಣಿಗೆ ಕೊಡುತ್ತದೆ. ದುಡಿಯುವಷ್ಟು ವರ್ಷ ನೆಲ ನಿಮ್ಮದು. ಬೇಸಾಯದಿಂದ ನಿವೃತ್ತರಾದ ಮೇಲೆ ಬಿಟ್ಟುಕೊಡಬೇಕು. ಮಕ್ಕಳಿಗೆ ಆಸ್ತಿಯಾಗಿ ಬರೆಯುವಂತಿಲ್ಲ, ಮಾರುವಂತಿಲ್ಲ. ನೀವು ಕಟ್ಟಡಕ್ಕೆ ಹಾಕಿದ ಖರ್ಚಿಗೆ ಮುಂದೆ ಬರುವವರಿಂದ ಒಂದು ಲೆಕ್ಕದ ಪ್ರಕಾರ ಹಣ ಸಿಗುತ್ತದೆ. ಫ್ರಾನ್ಸಿನ ಉಳಿದ ಕಡೆ ಹಳ್ಳಿಗಳಲ್ಲಿ ರೈತರು ಕಡಿಮೆಯಾಗುತ್ತಿದ್ದಾಗ ಈ ನೆಲದ ಮೇಲೆ ಹೆಚ್ಚಾದರು.

ಇಲ್ಲಿಂದ ಕರ್ನಾಟಕಕ್ಕೂ ಒಂದು ಎಳೆ ಇದೆ. 1976ರಲ್ಲಿ ಸೈನ್ಯ ಕೊಂಡಿದ್ದ ಹೊಲಮನೆಯೊಂದಕ್ಕೆ ಬಂದು ನೆಲೆಸಿದ ಹುಡುಗರಲ್ಲಿ ಜೋಸೆ ಬೊವೆ ಒಬ್ಬರು. ಮುಂದೆ ಅವರು ಫ್ರಾನ್ಸಿನ ರೈತ ಸಂಘಟನೆಯೊಂದರ ಮುಖವಾದರು. ಆ ಸಂಘಟನೆಯೂ ನಮ್ಮ ರಾಜ್ಯ ರೈತ ಸಂಘವೂ 'ವಿಯಾ ಕಂಪೆಸಿನಾ' ಎಂಬ ಜಗತ್ತಿನ ರೈತರ ಒಕ್ಕೂಟದಲ್ಲಿ ಜೊತೆಗಿದ್ದವು. 1999ರ ಬೇಸಿಗೆಯಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವವೂ ಇದ್ದ ಯಾತ್ರೆಯಲ್ಲಿ ನೂರಾರು ಭಾರತೀಯ ರೈತರು ಯುರೋಪ್ ಸುತ್ತಿದರು. ಜೂನ್‌ನಲ್ಲಿ ಮೋಂಪೆಲಿಯೆ ನಗರದ ಸಂಶೋಧನಾ ಕೇಂದ್ರದಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತಾಗ ಬೊವೆ ಜೊತೆ ಆ ಯಾತ್ರೆಯವರೂ ಇದ್ದರು. ಅದಕ್ಕಾಗಿ ಬೊವೆಗೆ ಶಿಕ್ಷೆಯೂ ಆಯಿತು. ಅದೇ ವರ್ಷ ಅಮೆರಿಕ ರೋಕ್‌ಫೋರ್ ಚೀಸಿನ ಮೇಲೆ ನೂರಕ್ಕೆ ನೂರು ಸುಂಕ ಹಾಕಿತು. ಅದನ್ನು ವಿರೋಧಿಸಿ ಆಗಸ್ಟ್ 12ರಂದು ಬೊವೆ ಮತ್ತು ಕುರಿ ಸಾಕುವವರು ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿಹಾಕಿದರು. ವಾರ್ಧಾದಿಂದ ಲಾರ್ಜಾಕಿಗೆ ಹೋದ ದಾರಿಯಲ್ಲಿ ಕೆಲವು ವರ್ಷಗಳ ಮೇಲೆ ಹಸಿರು ಶಾಲಿನವರೂ ನಡೆದರು. ವಸ್ತು ಮುರಿಯುವುದು ಗಾಂಧೀಜಿಯ ದಾರಿಯೇ ಎಂಬ ಜಗಳ ಎರಡೂ ಕಡೆ ಇದೆ. ನನಗೆ ಲಾ ಬ್ಲಾಕಿಯೇರ್‌ನ ದೊಡ್ಡಿ ಆ ಅಂಗಡಿಗಿಂತ ಹತ್ತಿರ ಅನಿಸುತ್ತದೆ.

ಎಲ್ಲವೂ ಸುಖಾಂತ್ಯವಲ್ಲ. ಹಳೆಯ 3,000 ಹೆಕ್ಟೇರಿನ ಶಿಬಿರ ಹಾಗೇ ಇದೆ. 2016ರಲ್ಲಿ ಫಾರಿನ್ ಲೀಜನ್, ಅಂದರೆ ವಿದೇಶಿಯರನ್ನು ಸೇರಿಸಿಕೊಳ್ಳುವ ಫ್ರೆಂಚ್ ಸೈನ್ಯದ ವಿಭಾಗ, ಅದರ ಒಂದು ಪಡೆ ಅಲ್ಲಿಗೆ ಬಂದು ನೆಲೆಸಿತು. ಸಂಘದ ಒಳಗೂ ಕಷ್ಟದ ಪ್ರಶ್ನೆ ಇದೆ. ಮೂವತ್ತು ವರ್ಷ ಕೈಯಾರೆ ರಿಪೇರಿ ಮಾಡಿದ ಮನೆಯನ್ನು ಅರವತ್ತು ದಾಟಿದ ಮೇಲೆ ಬಿಟ್ಟು ಹೋಗುವುದು ಯಾರಿಗೆ ಸುಲಭ? ಮಂಡಳಿಯವರು ಆ ಮಾತನ್ನು ಅಕ್ಕಪಕ್ಕದ ಮನೆಯವರಾಗಿಯೇ ಕೂತು ಆಡಬೇಕು. ಹೋಗುವವರೂ ಗೊತ್ತಿದ್ದವರೇ, ಹೊಲಮನೆ ಕೇಳಿಕೊಂಡು ಬಂದ ಹುಡುಗ ಹುಡುಗಿಯೂ ಎದುರಿಗೇ ಇರುತ್ತಾರೆ. ಇಬ್ಬರ ಮಾತನ್ನೂ ಕೇಳಿ ತೀರ್ಮಾನ ಮಾಡುತ್ತಾರೆ. ಆಮೇಲೆ ಹೊಸಬರು ಗೇಣಿ ಕಾಗದಕ್ಕೆ ಸಹಿ ಹಾಕಿ ದೊಡ್ಡಿಗೆ ಹೋಗಿ ಹಾಲು ಕರೆಯಲು ಕೂರುತ್ತಾರೆ.